ಸಂದರ್ಭ ಸೂಚಿಸಿ ವಿವರಿಸಿ

ಕನ್ನಡ ಪರೀಕ್ಷೆಗೆ ಕುಳಿತವರಾರೂ ಮರೆಯಲಾರದ ಪ್ರಶ್ನೆಯೊಂದುಂಟು: ‘ಈ ಮಾತನ್ನು ಯಾರು, ಯಾರಿಗೆ, ಯಾವ ಸಂದರ್ಭದಲ್ಲಿ ಹೇಳಿದರು?’ ಉತ್ತರಪತ್ರಿಕೆಯನ್ನು ಒಪ್ಪಿಸಿ ಹೊರಬರುವಾಗ ನಮ್ಮಲ್ಲಿ ಬಹುಮಂದಿ ಆ ಪ್ರಶ್ನೆಯನ್ನೂ ಅಲ್ಲಿಯೇ ಬಿಟ್ಟು ಬರುತ್ತೇವೆ. ಹಾಗೆ ಬಿಟ್ಟುಬಂದುದಕ್ಕೆ ತೆರಬೇಕಾದ ಬೆಲೆ ಎಂತಹುದೆಂಬುದನ್ನು 2018ನೆಯ ಇಸವಿ ನಮ್ಮ ನಾಡಿಗೆ ತೋರಿಸಿಕೊಟ್ಟಿತು.

ಆ ವರ್ಷ ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ವಾಟ್ಸ್‌ಆ್ಯಪಿನ ಮೂಲಕ ಊರಿಂದೂರಿಗೆ ಹಬ್ಬಿತು. ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನ ಮೂಲದ ತರುಣನೊಬ್ಬನನ್ನು ಜನರ ಗುಂಪು ಬಡಿದು ಕೊಂದಿತು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಹೈದರಾಬಾದಿನಿಂದ ಬಂದಿದ್ದ ಗೆಳೆಯರು ದಾರಿಯಲ್ಲಿ ಕಂಡ ಮಕ್ಕಳಿಗೆ ಚಾಕೊಲೇಟು ಹಂಚಿದರು. ಅವರ ಕಾರಿಗಿಂತ ಮೊದಲೇ ಸಂದೇಶವು ಮುರ್ಕಿ ಗ್ರಾಮವನ್ನು ಮುಟ್ಟಿತ್ತು. ಅಲ್ಲಿ ಅವರಲ್ಲೊಬ್ಬ ಎಂಜಿನಿಯರು ಪ್ರಾಣ ಕಳೆದುಕೊಂಡರು.

ಆ ದಿನಗಳಲ್ಲಿ ದೇಶದ ಉದ್ದಗಲಕ್ಕೂ ಸುತ್ತಿದ ಒಂದು ದೃಶ್ಯದಲ್ಲಿ, ಮೋಟಾರ್ ಸೈಕಲ್ಲಿನಲ್ಲಿ ಬಂದ ಇಬ್ಬರು ಮಗುವನ್ನು ಎತ್ತಿಕೊಂಡು ಹೋಗುತ್ತಿದ್ದರು. ಅದು ಮಕ್ಕಳ ರಕ್ಷಣೆಯ ಬಗ್ಗೆ ಎಚ್ಚರಿಸಲು ಕರಾಚಿಯಲ್ಲಿ ತೆಗೆದ ಜಾಹೀರಾತು. ಅದರ ಕೊನೆಯಲ್ಲಿ ಅವರು ಮಗುವನ್ನು ಮರಳಿ ತಂದಿಳಿಸಿ, ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯ ಭಾಗವನ್ನೇ ಯಾರೋ ಕತ್ತರಿಸಿದ್ದರು. ಕತ್ತರಿಗೆ ಸಿಕ್ಕಿದ್ದು ಸಂದರ್ಭ.

ಇಂಥವನ್ನು ನಂಬಿದವರೆಲ್ಲ ದುಷ್ಟರಲ್ಲ, ಅನಕ್ಷರಸ್ಥರೂ ಅಲ್ಲ. ಮಗುವಿನ ಮೇಲಣ ಅಕ್ಕರೆಯೇ ಭಯವಾಗಿ, ಭಯವೇ ಬೆರಳ ತುದಿಗೆ ಬರುತ್ತದೆ. ಆದುದರಿಂದ ಈ ಪಾಠ ಮೊದಲು ಸಲ್ಲಬೇಕಾದುದು ತಾಯ್ತಂದೆಯರಿಗೆ, ಅವರೊಡನೆ ನಮ್ಮಂತಹ ಅಧ್ಯಾಪಕರಿಗೆ. ಕಾಸರಗೋಡಿನ ನೆರೆಯ ಕಣ್ಣೂರು ಜಿಲ್ಲೆಯಲ್ಲಿ ವದಂತಿಗೆ ಅಂಜಿದ ಪೋಷಕರು ಮಕ್ಕಳಿಗೆ ಲಸಿಕೆ ಹಾಕಿಸಲೊಲ್ಲದಿದ್ದಾಗ, 2018ರಲ್ಲಿ ಸುಮಾರು 150 ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಿಂದ ಸುಳ್ಳು ಸುದ್ದಿಯನ್ನು ಗುರುತಿಸುವ ಪಾಠ ಆರಂಭವಾಯಿತು.

ನಮ್ಮ ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿಯೂ ಇದು ಆಗಬಾರದೇಕೆ? ಪೋಷಕರ ಸಭೆಯಲ್ಲಿ ಅಂಕಪಟ್ಟಿಯ ಮಾತು ಮುಗಿದ ಮೇಲೆ ಹತ್ತು ನಿಮಿಷ ಸಾಕು. ಒಂದು ಸಂದೇಶವನ್ನು ಮುಂದಿಟ್ಟುಕೊಂಡು ಕೇಳೋಣ: ಹೇಳಿದವರು ಯಾರು? ಯಾವ ಊರು, ಯಾವ ದಿನ? ಹಿಂದುಮುಂದಿನ ಭಾಗ ಎಲ್ಲಿ? ಹಲವು ಕೈ ದಾಟಿ ಬಂದ ಸಂದೇಶಕ್ಕೆ ವಾಟ್ಸ್‌ಆ್ಯಪ್ ಜೋಡಿ ಬಾಣದ ಗುರುತು ಹಾಕುತ್ತದೆ. ಅದನ್ನು ಗಮನಿಸುವುದನ್ನೂ ಕಲಿಸೋಣ. ಅಂಜಿದ ತಾಯಿಯನ್ನು ನೋಡಿ ನಗುವುದು ಮಾತ್ರ ಸಲ್ಲದು. ನಿಜವಾಗಿಯೂ ಸಂಶಯ ಬಂದರೆ 112ಕ್ಕೆ ಕರೆ ಮಾಡಿ, ಗುಂಪಿಗೆ ದಾಟಿಸಬೇಡಿ ಎಂದು ತಿಳಿಯಹೇಳಬೇಕು.

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ಈ ನಾಡಿನ ಜನರನ್ನು ಹೊಗಳುವಾಗ, ಹದವರಿತು ಮಾತಾಡಬಲ್ಲವರೆಂದು ಹೇಳಿ ಸುಮ್ಮನಾಗಲಿಲ್ಲ, ಆಡಿದ ಮಾತನ್ನು ಅರಿತು ವಿಚಾರಿಸಿ ನೋಡಬಲ್ಲವರೆಂದೂ ಹೇಳಿತು. ಓದು ಬಾರದವರಲ್ಲಿಯೂ ಅದು ಕಂಡ ಈ ಗುಣವನ್ನು, ಓದು ಬಲ್ಲ ನಾವು ಮರಳಿ ಅಭ್ಯಾಸ ಮಾಡಿಕೊಳ್ಳಬೇಕಾಗಿದೆ.