ತೊಟ್ಟಿಯ ಮೇಲೊಂದು ಹಗಲು

ಎರಡಡಿ ಉದ್ದದ ಮೀನಿನ ತೊಟ್ಟಿಯ ಹಳೇ ಟ್ಯೂಬ್‌ಲೈಟ್ ಕೈಕೊಟ್ಟ ದಿನ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಅದಕ್ಕಿಂತ ಒಳ್ಳೆಯ ಸಂತೆ ಇನ್ನೊಂದಿಲ್ಲ. ಮೀಟರಿಗೆ 60 ದೀಪಗಳಿರುವ 12 ವೋಲ್ಟಿನ ಎಲ್‌ಇಡಿ ಪಟ್ಟಿ, ಅಡಾಪ್ಟರು, ಒಂದಿಷ್ಟು ವೈರು: ಬುತ್ತಿ ಕಟ್ಟುವ ಕೆಲಸಕ್ಕಿಂತ ಸುಲಭ ಅನ್ನಿಸಿತ್ತು.

ಲೆಕ್ಕದಲ್ಲೇ ಮೊದಲು ಎಡವಿದೆ. ಈ ಪಟ್ಟಿ ಮೀಟರಿಗೆ 14.4 ವ್ಯಾಟ್ ನುಂಗುತ್ತದೆ. 55 ಸೆಂ.ಮೀ.ನ ಮೂರು ಸಾಲು ಎಂದರೆ ಹೆಚ್ಚುಕಡಿಮೆ 24 ವ್ಯಾಟ್, ಅಂದರೆ 2 ಆಂಪಿಯರ್. ನಾನು ತಂದಿದ್ದೂ ಸರಿಯಾಗಿ 2 ಆಂಪಿಯರಿನ ಅಡಾಪ್ಟರೇ. ಪೂರ್ತಿ ಶಕ್ತಿಗೆ ದುಡಿದು ಗಂಟೆಯೊಳಗೆ ಅದು ಇಸ್ತ್ರಿಪೆಟ್ಟಿಗೆಯಂತೆ ಕಾದಿತ್ತು. ಮರುದಿನ 3 ಆಂಪಿಯರಿನದು ತಂದೆ.

ಎಲ್‌ಇಡಿ ತಂಪು ಎಂಬ ಮಾತು ಅರ್ಧ ನಿಜ. ಬೆಳಕು ತಂಪು, ಬೆನ್ನು ಬಿಸಿ. ಮರದ ಹಲಗೆಗೆ ಅಂಟಿಸಿದ ನನ್ನ ಮೊದಲ ಪಟ್ಟಿ ಬಿಸಿಗೂ ನೀರಿನ ಆವಿಗೂ ಅಂಟು ಬಿಟ್ಟು, ಮೂರನೇ ತಿಂಗಳಿಗೆ ನೀರಿನತ್ತ ಜೋತುಬಿತ್ತು. ಬೆಸುಗೆ ಹಾಕಿದ ಜಾಗಗಳಲ್ಲೆಲ್ಲ ಹಸಿರು ಕಿಲುಬು. ಈಗಿನದು ಅಲ್ಯೂಮಿನಿಯಂ ಚಾನೆಲ್‌ ಮೇಲಿದೆ. ಲೋಹ ಬಿಸಿಯನ್ನು ಹೀರಿ ಗಾಳಿಗೆ ಬಿಡುತ್ತದೆ. ಕೆಳಗೆ ಅಕ್ರಿಲಿಕ್ ಹಾಳೆ, ಅಂಚಿಗೆ ಸಿಲಿಕೋನ್. ವೈರು ಪ್ಲಗ್ಗಿಗಿಂತ ಕೆಳಗೆ ಇಳಿದು ಮತ್ತೆ ಮೇಲೇರಬೇಕು. ಜಾರಿಬಂದ ಹನಿ ಅಲ್ಲಿಂದಲೇ ನೆಲಕ್ಕೆ ಬೀಳುತ್ತದೆ, ಪ್ಲಗ್ಗಿಗೆ ತಲುಪುವುದಿಲ್ಲ. ಅಡಾಪ್ಟರಿನಿಂದಾಚೆಗಿನ 12 ವೋಲ್ಟಿಗೆ ಹೆದರಬೇಕಿಲ್ಲ, ಗೋಡೆಯ 230ಕ್ಕೆ ಹೆದರಲೇಬೇಕು.

ಬಣ್ಣದ ವಿಷಯ ಸ್ವಾರಸ್ಯದ್ದು. ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ದೀಪ. ಮೇಲೆ ಬಳಿದ ಹಳದಿ ಲೇಪ ಅದನ್ನು ಬಿಳಿಯಾಗಿಸುತ್ತದೆ. ಆ ನೀಲಿಯನ್ನು ಒಲಿಸಿಕೊಂಡದ್ದಕ್ಕೇ ಅಕಸಾಕಿ, ಅಮಾನೊ, ನಕಾಮುರಾ ಮೂವರಿಗೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. (ತೊಟ್ಟಿಯೊಳಗೆ ಕಾಡು ಬೆಳೆಸುವ ಕಲೆಗೆ ಹೆಸರಾದ ತಕಾಶಿ ಅಮಾನೊ ಬೇರೆ, ಆದರೆ ಅವರೂ ಜಪಾನಿನವರೇ.) ತೊಟ್ಟಿಯ ಗಿಡಗಳಿಗೆ ನೀಲಿಯ ಜೊತೆ ಕೆಂಪೂ ಬೇಕು. 6500 ಕೆಲ್ವಿನ್‌ನ ನೀಲಿ ಛಾಯೆಯ ಬಿಳಿಯಲ್ಲಿ ಕೆಂಪು ಕಡಿಮೆ. ಕೆಂಪು ಪ್ಲಾಟಿ ಮೀನು ಅದರಡಿ ಜ್ವರ ಬಂದು ಎದ್ದಂತೆ ಕಾಣುತ್ತಿತ್ತು. ಮಧ್ಯದ ಸಾಲಿಗೆ ಹಳದಿ ಛಾಯೆಯ ಪಟ್ಟಿ ಹಾಕಿದ ಮೇಲೆ ಅದರ ಮೈಗೆ ಕಳೆ ಬಂತು.

ಹುರುಪಿನಲ್ಲಿ ದಿನಕ್ಕೆ 12 ಗಂಟೆ ಉರಿಸಿದೆ. ವ್ಯಾಲಿಸ್ನೇರಿಯಾ ಗಿಡಕ್ಕಿಂತ ಮೊದಲು ಹಿಗ್ಗಿದ್ದು ಪಾಚಿ. ಎರಡು ವಾರಕ್ಕೆ ಗಾಜೆಲ್ಲ ಹಸಿರು ಗೋಡೆ. ಈಗ ಟೈಮರ್ ಇದೆ, 7 ಗಂಟೆಯಷ್ಟೇ. ಮಧ್ಯಾಹ್ನ 3ಕ್ಕೆ ಹತ್ತಿ ರಾತ್ರಿ 10ಕ್ಕೆ ಟಕ್ಕನೆ ಆರುತ್ತದೆ. ಆ ಸದ್ದಿಗೆ ಮೀನುಗಳು ಒಗ್ಗಿವೆ. ಪಕ್ಕದಲ್ಲಿ ಕೂತು ಓದುವ ನಾನು ಮಾತ್ರ ಇನ್ನೂ ಕರೆಂಟು ಹೋಯಿತೆಂದು ತಲೆಯೆತ್ತುತ್ತೇನೆ.