ನಿಮಗಿದು ಗೊತ್ತೆ? ಹೊಳೆ ಮುಳುಗಿಸುವ ಚಿತ್ರಶಾಲೆ
ಗೋವಾಕ್ಕೆ ಹೋದವರು ಕಡಲು ನೋಡಿ ಮರಳುವುದೇ ಹೆಚ್ಚು. ಒಳನಾಡಿನ ರಿವೋಣ ಸಮೀಪದ ಉಸಗಾಳಿಮಳದಲ್ಲಿ, ಕುಶಾವತಿ ನದಿದಂಡೆಯ ಜಂಬಿಟ್ಟಿಗೆ ಹಾಸುಬಂಡೆಯ ಮೇಲೆ ಇತಿಹಾಸಪೂರ್ವ ಕಾಲದವರು ಕೊರೆದ ನೂರಕ್ಕೂ ಹೆಚ್ಚು ಚಿತ್ರಗಳಿವೆ: ಹಿಣಿಲೆದ್ದ ಗೂಳಿ, ಜಿಂಕೆ, ನವಿಲು, ಕುಣಿಯುವ ಹೆಣ್ಣು. ಹೂಳಿನಡಿ ಅಡಗಿದ್ದ ಇವು ಹೊರಜಗತ್ತಿಗೆ ತಿಳಿದದ್ದು 1993ರಲ್ಲಿ. ಸಂಶೋಧಕರಿಗೆ ಸುಳಿವು ಕೊಟ್ಟವರು ಊರಿನವರೇ. ಎಲ್ಲಕ್ಕಿಂತ ಸೋಜಿಗದ್ದು ಸುತ್ತುಸುತ್ತಾದ ಗೆರೆಗಳ ಚಕ್ರವ್ಯೂಹ. ದೂರದ ಕ್ರೀಟ್ ದ್ವೀಪದ ಪ್ರಾಚೀನ ನಾಣ್ಯಗಳ ಮೇಲೂ ಇಂಥದೇ ವಿನ್ಯಾಸ! ನಮ್ಮ ಉಡುಪಿ ಜಿಲ್ಲೆಯ ಬುದ್ಧನಜೆಡ್ಡಿನಲ್ಲೂ ಬಂಡೆ ಕೆತ್ತನೆಗಳುಂಟು. ಮಳೆಗಾಲದಲ್ಲಿ ಹೊಳೆ ಉಕ್ಕಿ ಉಸಗಾಳಿಮಳದ ಹಾಸು ಮುಳುಗುತ್ತದೆ. ಬೇಸಿಗೆಯಲ್ಲೇ ಹೋಗಿ, ಅದೂ ಬೆಳಿಗ್ಗೆ ಇಲ್ಲವೇ ಸಂಜೆ. ನಡುಮಧ್ಯಾಹ್ನದ ಬಿಸಿಲಿಗೆ ಗೆರೆಗಳು ಕಣ್ಣಿಗೆ ಹತ್ತುವುದಿಲ್ಲ.