ಹಳೇ ವ್ಯಾನಿನ ಕಿಟಕಿಗೆ ಎಂಥಾ ರಬ್ಬರು ಹಾಕಿಸಬೇಕು?

ಹಳೇ ವ್ಯಾನು ಕೊಳ್ಳುವವರು ಮೊದಲು ಎಂಜಿನ್ ನೋಡ್ತಾರೆ, ಆಮೇಲೆ ಪೇಂಟು ನೋಡ್ತಾರೆ. ಗಾಜಿನ ಸುತ್ತ ಇರುವ ಕಪ್ಪು ರಬ್ಬರಿನ ಕಡೆ ಯಾರ ಕಣ್ಣೂ ಹೋಗೋದಿಲ್ಲ. ಆದರೆ ಎಂಜಿನ್ ಕೆಟ್ಟರೆ ಬಿಚ್ಚಿ ರಿಪೇರಿ ಮಾಡಿಸಬಹುದು. ರಬ್ಬರು ಸೋರಿ ಕಿಟಕಿ ಚೌಕಟ್ಟು ತುಕ್ಕು ತಿಂದರೆ ತಗಡನ್ನೇ ಕತ್ತರಿಸಿ ವೆಲ್ಡಿಂಗ್ ಮಾಡಿಸಬೇಕು. ಅಷ್ಟು ಹೊತ್ತಿಗೆ ಎಷ್ಟೋ ಮಂದಿ ವ್ಯಾನಿನ ಆಸೆಯನ್ನೇ ಬಿಟ್ಟಿರ್ತಾರೆ.

ಜಗತ್ತಿನಾದ್ಯಂತ ಜನ ಮುದ್ದಾಗಿ ಸಾಕಿಕೊಂಡಿರುವ ಫೋಕ್ಸ್‌ವ್ಯಾಗನ್ ಕೊಂಬಿಯನ್ನೇ ತಗೊಳ್ಳೋಣ. ಜರ್ಮನಿಯಲ್ಲಿ 1950ರಲ್ಲಿ ಇದರ ತಯಾರಿಕೆ ಶುರುವಾಯ್ತು. 1967ರವರೆಗೆ ಮುಂದಿನ ಗಾಜು ಎರಡು ತುಂಡು. ಅದಕ್ಕೇ 'ಸ್ಪ್ಲಿಟ್' ಅಂತ ಹೆಸರು. ಆಮೇಲೆ ಬಂದದ್ದು ಒಂದೇ ಬಾಗಿದ ಗಾಜಿನ 'ಬೇ'. ಎರಡಕ್ಕೂ ಗಾಜನ್ನು ಹಿಡಿದು ನಿಲ್ಲಿಸುವುದು ರಬ್ಬರೇ. ಅದರ ಒಂದು ಗಾಡಿಯೊಳಗೆ ಗಾಜು ಕೂರುತ್ತೆ, ಇನ್ನೊಂದರೊಳಗೆ ಬಾಡಿಯ ತಗಡಿನ ಅಂಚು.

ಮೊದಲು ಪಟ್ಟಿ, ಆಮೇಲೆ ರಬ್ಬರು

ಅಂಗಡಿಗೆ ಹೋಗುವ ಮುಂಚೆಯೇ ಒಂದು ತೀರ್ಮಾನ ಆಗಬೇಕು: ಹೊಳೆಯುವ ಪಟ್ಟಿ ಬೇಕೋ, ಬೇಡವೋ? ಸಾದಾ ಕೊಂಬಿಗೆ ಬರೀ ಕಪ್ಪು ರಬ್ಬರು ಇರ್ತಿತ್ತು. ಡಿಲಕ್ಸ್ ಮಾದರಿಗಳ ರಬ್ಬರಿನ ಹೊರಮೈಯಲ್ಲಿ ಇನ್ನೊಂದು ಸಣ್ಣ ಗಾಡಿ ಇದ್ದು, ಅದರಲ್ಲಿ ಪಟ್ಟಿ ಕೂರುತ್ತಿತ್ತು. ಈಗ ಸಾದಾ ರಬ್ಬರು, ಪ್ಲಾಸ್ಟಿಕ್ ಕ್ರೋಮ್ ಪಟ್ಟಿಯ ರಬ್ಬರು, ಲೋಹದ ಪಟ್ಟಿಯ ರಬ್ಬರು ಬೇರೆ ಬೇರೆಯಾಗಿಯೇ ಸಿಗುತ್ತವೆ. ಒಂದರ ಪಟ್ಟಿ ಇನ್ನೊಂದಕ್ಕೆ ಸರಿಯಾಗಿ ಕೂರೋದಿಲ್ಲ. ಸಾದಾ ರಬ್ಬರು ಹಾಕಿಸಿ, "ಪಟ್ಟಿ ಮುಂದಿನ ವರ್ಷ ನೋಡೋಣ" ಅಂದರೆ ಆಗದ ಮಾತು.

ಲೋಹದ ಪಟ್ಟಿ ನೋಡಲು ಚೆಂದ, ಬಾಳಿಕೆಯೂ ಹೆಚ್ಚು. ಆದರೆ ಒಮ್ಮೆ ಮಡಿಸಿದರೆ ಆ ಗೆರೆ ಹೋಗಲ್ಲ. ಗಾಜನ್ನು ವ್ಯಾನಿಗೆ ಕೂರಿಸುವ ಮುಂಚೆಯೇ ಅದನ್ನು ರಬ್ಬರಿಗೆ ಸೇರಿಸಬೇಕು. ಪ್ಲಾಸ್ಟಿಕ್ ಪಟ್ಟಿ ಅಗ್ಗ, ಬಾಗಿಸೋದು ಸುಲಭ. ಬಿಸಿಲಿಗೆ ಮಾತ್ರ ಬೇಗ ಮಂಕಾಗುತ್ತೆ. ಹಳೇ ಲೋಹದ ಪಟ್ಟಿ ನೆಟ್ಟಗಿದ್ದರೆ ಎಸೀಬೇಡಿ, ಪಾಲಿಶ್ ಮಾಡಿಸಿ ಅದನ್ನೇ ಬಳಸಿ.

ಇಸವಿ ನೋಡಿ, ದೇಶವನ್ನೂ ನೋಡಿ

ಫೋಕ್ಸ್‌ವ್ಯಾಗನ್ನಿನ ಹೊಸ ಮಾದರಿ ವರ್ಷ ಆಗಸ್ಟ್‌ನಲ್ಲೇ ಶುರುವಾಗುತ್ತಿತ್ತು. 1971ರ ಸೆಪ್ಟೆಂಬರ್‌ನಲ್ಲಿ ತಯಾರಾದ ವ್ಯಾನು 1972ರ ಮಾದರಿ. ಜರ್ಮನಿಯ 'ಬೇ' ವ್ಯಾನಿನ ಚಾಸಿ ನಂಬರಿನ ಮೂರನೇ ಅಂಕಿ ಈ ವರ್ಷವನ್ನು ಹೇಳುತ್ತೆ. ಬ್ರೆಜಿಲ್‌ನಲ್ಲಿ ಕೊಂಬಿ 2013ರವರೆಗೂ ತಯಾರಾಯ್ತು. ಅಲ್ಲಿ ಬಹಳ ವರ್ಷ 'ಬೇ' ಮುಖಕ್ಕೆ 'ಸ್ಪ್ಲಿಟ್' ಕಾಲದ ಪಕ್ಕದ ಕಿಟಕಿಗಳೇ ಇದ್ದವು. ಹೀಗಾಗಿ ಬರೀ "ಕೊಂಬಿ ರಬ್ಬರು ಕೊಡಿ" ಅಂದರೆ ಸಾಲದು. ಪಕ್ಕದ ಕಿಟಕಿ ತೆರೆಯುವಂಥದ್ದೋ ಇಲ್ಲವೋ ಅನ್ನೋದನ್ನೂ ಹೇಳಬೇಕು. ಎರಡರ ರಬ್ಬರು ಬೇರೆ.

ಕೈಯಲ್ಲಿ ಹಿಡಿದು ನೋಡಿ

ಇಪಿಡಿಎಂ ರಬ್ಬರು ಬಿಸಿಲು, ಓಝೋನ್ ಎರಡನ್ನೂ ಚೆನ್ನಾಗಿ ತಡೆಯುತ್ತೆ. ಮೂಲೆಗಳು ಅಚ್ಚಿನಲ್ಲೇ ಮೂಡಿದ್ದರೆ ಒಳ್ಳೇದು. ನೇರ ರಬ್ಬರನ್ನು ಬಗ್ಗಿಸಿ ಕೂರಿಸಿದರೆ ಮೂಲೆಯಲ್ಲಿ ಸುಕ್ಕು ಬರುತ್ತೆ, ನೀರು ಅಲ್ಲಿಂದಲೇ ಒಳಗೆ ನುಗ್ಗುತ್ತೆ. ಹಳೇ ರಬ್ಬರಿನ ಒಂದು ಚೂರು ಕತ್ತರಿಸಿ ಜೊತೆಗೆ ಒಯ್ದು, ಅಡ್ಡಸೀಳು ಹೋಲಿಸಿ ನೋಡಿ.

ಕೂರಿಸುವ ಮುನ್ನ

ಹಳೇ ರಬ್ಬರನ್ನು ಮೀಟಿ ತೆಗೀಬೇಡಿ, ಗಾಜು ಒಡೆಯಬಹುದು. ಹೊರಗಿನ ತುಟಿಯನ್ನು ಬ್ಲೇಡಿನಿಂದ ಕುಯ್ದು ಗಾಜು ಬಿಡಿಸಿ. ಕೆಳಗೆ ತುಕ್ಕು ಕಂಡರೆ ಅಲ್ಲಿಗೇ ನಿಲ್ಲಿಸಿ. ತುಕ್ಕು ತೆಗೆಸಿ, ಪ್ರೈಮರ್ ಮತ್ತು ಪೇಂಟು ಪೂರ್ತಿ ಒಣಗಿದ ಮೇಲೆಯೇ ಹೊಸ ರಬ್ಬರು. ತುಕ್ಕಿನ ಮೇಲೆ ಹೊಸ ರಬ್ಬರು ಹಾಕಿಸೋದು ಕಾಯಿಲೆಗೆ ಹೊದಿಕೆ ಹೊದಿಸಿದ ಹಾಗೆ.

ಕೂರಿಸೋದಕ್ಕೆ ಇಬ್ಬರು ಬೇಕು. ತಗಡು ಕೂರುವ ಗಾಡಿಯೊಳಗೆ ಗಟ್ಟಿ ದಾರ ಸುತ್ತಿ, ಸೋಪಿನ ನೀರು ಹಚ್ಚಿ, ಹೊರಗಿನಿಂದ ಒಬ್ಬರು ಗಾಜನ್ನು ಒತ್ತಬೇಕು, ಒಳಗಿನಿಂದ ಇನ್ನೊಬ್ಬರು ದಾರ ಎಳೆಯಬೇಕು. ರಬ್ಬರನ್ನು ಎಳೆದು ಉದ್ದ ಮಾಡಬೇಡಿ, ದಿನ ಕಳೆದಂತೆ ಕುಗ್ಗಿ ಮೂಲೆಯಲ್ಲಿ ಸಂದು ಬಿಡುತ್ತೆ. ಇಪಿಡಿಎಂಗೆ ಪೆಟ್ರೋಲಿಯಂ ಎಣ್ಣೆ, ಗ್ರೀಸು ಸೋಕಿಸಬೇಡಿ, ಊದಿಕೊಳ್ಳುತ್ತೆ. ವಿನೆಗರ್ ವಾಸನೆ ಬರುವ ಸಿಲಿಕೋನೂ ಬೇಡ, ಅದರ ಆಮ್ಲ ತಗಡಿಗೆ ತುಕ್ಕು ತರಿಸುತ್ತೆ.

ಕೊನೆಗೆ ಪೈಪಿನಲ್ಲಿ ನೀರು ಬಿಟ್ಟು ಒಂದೊಂದೇ ಕಿಟಕಿ ಪರೀಕ್ಷಿಸಿ. ಕೆಳಗಿನಿಂದ ಶುರುಮಾಡಿ ಮೇಲಕ್ಕೆ ಹೋದರೆ ಸೋರುವ ಜಾಗ ಬೇಗ ಸಿಗುತ್ತೆ.

ನಿಮ್ಮ ಮನೆ ಮುಂದೆ ನಿಂತಿರುವುದು ಕೊಂಬಿ ಅಲ್ಲದೆ ಹಳೇ ಮಾರುತಿ ವ್ಯಾನೋ ಮೆಟಡಾರೋ ಆಗಿರಬಹುದು. ಅಳತೆ ಬೇರೆ, ಕ್ರಮ ಒಂದೇ: ತಗಡು ನೋಡಿ, ಪಟ್ಟಿ ತೀರ್ಮಾನಿಸಿ, ಆಮೇಲೆ ರಬ್ಬರು ಕೊಳ್ಳಿ. ಈ ಕೆಲಸ ಮಳೆಗಾಲಕ್ಕೆ ಮುಂಚೆಯೇ ಮುಗಿಸಿಕೊಳ್ಳಿ.